ಎ ಮೈನರ್ ಸ್ಲ್ಯಾಶ್ ಜಿ

ಔರಾದ್, ಬುಧವಾರ

ಧಮ್ಮಪಾಲ ಸರ್ ಅವರಿಗೆ ಕರುಣಾಳ ಜೈಭೀಮ್.

ಚಿಂತಾಕಿಯ ಬುದ್ಧವಿಹಾರದ ಕಾರ್ಯಕ್ರಮ ಹನ್ನೊಂದರ ಬದಲು ಒಂಬತ್ತಕ್ಕೇ ಶುರುವಾಗುತ್ತದೆ ಎಂದು ಭಾಲ್ಕಿಯ ಸುಮನಳಿಗೆ ತಿಳಿಸಲು ನನಗೆ ಹೇಳಿದ್ದಿರಿ. ಆಮೇಲೆ ನೀವು ಕೇಳಿದಾಗ ಮರೆತೆ ಎಂದೆ. ಮರೆತಿರಲಿಲ್ಲ ಸರ್, ಬೇಕೆಂದೇ ಹೇಳಲಿಲ್ಲ.

ಎರಡು ವರ್ಷದಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಚಿದ್ರಿಯ ನಿಮ್ಮ ಮನೆಗೆ ಗಿಟಾರ್ ಕಲಿಯಲು ಬರುತ್ತಿದ್ದೇನೆ. ಹಲವು ತಂತಿ ಒಟ್ಟಿಗೆ ನುಡಿಸುವ ಎ ಮೈನರ್ ಸ್ಲ್ಯಾಶ್ ಜಿ ಕಾರ್ಡ್ ಕಲಿಸಿ ಎಂದು ಕೇಳಿದಾಗ, "ನಿಮ್ಮ ಕಿರಿಬೆರಳು ಗಿಡ್ಡ ಅದರಿ, ದಪ್ಪ ತಂತಿ ತನಕಾ ಹೋಗಂಗಿಲ್ಲ. ಬರೇ ಎ ಮೈನರ್ ಸಾಕ್ರಿ" ಎಂದಿರಿ. ಮೊನ್ನೆ ಮೊನ್ನೆ ಸೇರಿದ ಸುಮನಳಿಗೆ ಮಾತ್ರ ಪಕ್ಕದಲ್ಲೇ ಕೂತು ಅದನ್ನೇ ಕಲಿಸಿದಿರಿ. ಚಿಂತಾಕಿಯ ಹಾಡಿಗೂ ಅವಳೇ ನುಡಿಸಲಿ ಎಂದಿರಿ.

ನಾನು ಮನೆಯಲ್ಲಿ ಒಂದು ತಿಂಗಳು ಗುದ್ದಾಡಿದೆ. ಎ ಮೈನರ್‌ನ ಮೂರು ಬೆರಳು ಕೂರಿಸಿ, ಮಣಿಕಟ್ಟನ್ನು ಸ್ವಲ್ಪ ಮುಂದೆ ತಳ್ಳಿದರೆ ನನ್ನ ಕಿರುಬೆರಳೂ ಗಿಟಾರಿನ ಕತ್ತಿನ ಮೂರನೇ ಫ್ರೆಟ್ಟಿನ ಮನೆಯಲ್ಲಿ ದಪ್ಪ ತಂತಿಯನ್ನು ಮುಟ್ಟುತ್ತದೆ.

ಕಾರ್ಯಕ್ರಮದ ದಿನ ಹತ್ತೂವರೆಗೆ ಹಾಡಿನ ಸರದಿ ಬಂದರೂ ಸುಮನ ಬಾರದ್ದರಿಂದ ಗಿಟಾರ್ ನನಗೆ ಕೊಟ್ಟಿರಿ. ಆ ಕಾರ್ಡ್ ಸ್ವಚ್ಛವಾಗಿ ನುಡಿಯಿತು. ನೀವು ತಲೆಯೆತ್ತಿ ನೋಡಿದಿರಿ. ಅಷ್ಟರಲ್ಲಿ ಸುಮನ ಬೆವರುತ್ತಾ ಬಂದು ಬಾಗಿಲಲ್ಲಿ ನಿಂತಳು. ಹಾಡು ಮುಗಿದ ಮೇಲೆ ನೇರ ನನ್ನ ಹತ್ತಿರ ಬಂದು, "ಅಕ್ಕಾ, ನೀವಿದ್ರಿ, ಚೊಲೊ ಆತ್ರಿ. ನಂದೇ ತಪ್ಪು, ಟೈಮ್ ಕೇಳ್ಕೋಬೇಕಿತ್ತು" ಅಂದಳು.

ನಿಜವನ್ನು ಅವಳಿಗೆ ನಾನೇ ಹೇಳುತ್ತೇನೆ. ಮುಂದಿನ ಕಾರ್ಯಕ್ರಮಕ್ಕೆ ಅವಳನ್ನೇ ಕರೆಯಿರಿ. ಆದರೆ ಭಾನುವಾರ ಹತ್ತು ಗಂಟೆಯ ನನ್ನ ಪಾಠದ ಹೊತ್ತನ್ನು ಮಾತ್ರ ಅವಳಿಗೆ ಕೊಡಬೇಡಿ ಸರ್.

ನಿಮ್ಮ ಮೊದಲ ವಿದ್ಯಾರ್ಥಿನಿ,
ಕರುಣಾ