ಕಸೂತಿ ಹೊದಿಕೆ ಹಾಕಬೇಡ

ಅವ್ವಾ,

ನೀನು ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ನಾನು ಕಾಲೇಜಿಗೆ ಹೋಗಿರುತ್ತೇನೆ. ಕಂಪ್ಯೂಟರ್ ಆಫ್ ಮಾಡಬೇಡ!

ಮೊನ್ನೆಯೇ ಹೊಸ ಮದರ್‌ಬೋರ್ಡ್ ಹಾಕಿದ್ದಾಯಿತು. ಅಂಗಡಿಯವನು ತೋರಿಸಿದ್ದಕ್ಕೆಲ್ಲ ಕನ್ಯೆ ನೋಡಲು ಬಂದ ಅತ್ತೆಯಂತೆ ಮೂಗು ಮುರಿದು, ಹಳೇ ಪ್ರೊಸೆಸರಿನ ವೇಗ ಏರಿಸಲು ಬಿಡುವ ಇದೊಂದನ್ನೇ ಆರಿಸಿದೆ. ಈಗ ನಮ್ಮ ಎತ್ತು ಕುದುರೆಯಾಗಿದೆ! ಮುಂಜಾನೆಯಿಂದ ಪರೀಕ್ಷೆಗೆ ಓಡಿಸಿದ್ದೇನೆ.

ಅಪ್ಪನ ಮಾತು ಗೊತ್ತಲ್ಲ, ಅವರಂತೆಯೇ ಮೂಗಿನೊಳಗಿಂದ ಹೇಳುತ್ತೇನೆ: "ಸಂಜಿತನಕ ನಿಲ್ಲದ ಓಡಿದ್ರ ಇಟ್ಕೊ. ನಿಂತ್ರ ನಾಳೆ ಅಂಗಡಿಗೆ ವಾಪಸ್, ತಿಳೀತೇನು?"

ನಿನ್ನೆ ಕಂಪ್ಯೂಟರ್ ನಡುವೆ ನಿಂತದ್ದು ಬೋರ್ಡಿನ ತಪ್ಪಲ್ಲ. ಬಂದರಿನ ಕಲ್ಲಿದ್ದಲ ಪುಡಿ ಸಡಾ ಗುಡ್ಡದ ನಮ್ಮ ಮನೆ ತನಕ ಹಾರಿಬರುತ್ತದೆಂದು ನೀನು ಕಸೂತಿ ಹೊದಿಕೆ ಹಾಕಿದ್ದೆ. ಓಡುವಾಗ ಅದರ ಮೈ ಕಾಯುತ್ತದೆ, ಗಾಳಿ ಬೇಕು. ಬೇಸಿಗೆಯಲ್ಲಿ ನಿನಗೆ ರಜಾಯಿ ಹೊದಿಸಿದರೆ ಸುಮ್ಮನಿರುತ್ತೀಯಾ? "ಉಸುರುಗಟ್ಟಿ ಸಾಯ್ಲೇನ ನಾ?" ಎಂದು ಕೂಗುತ್ತೀ.

ಪುಡಿ ಬಾರದಂತೆ ಕಿಟಕಿ ಮುಚ್ಚಿದ್ದೇನೆ. ಟೇಬಲ್ ಫ್ಯಾನ್ ಅದಕ್ಕೇ ಇರಲಿ, ನಿನ್ನ ಕಡೆ ತಿರುಗಿಸಿಕೊಳ್ಳಬೇಡ. ಹೊದಿಕೆ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡ. ಹಳೇ ಸೀರೆಯನ್ನೂ ಹೊದಿಸಬೇಡ, ನಿನ್ನ ಕೈ ನನಗೆ ಗೊತ್ತು.

ಮತ್ತೆ ನಿಂತಿತೋ, ಅಪ್ಪನ ಆಫೀಸಿಗೆ ಫೋನ್ ಮಾಡಿ ನಿನ್ನ ಧ್ವನಿಯಲ್ಲಿ ಅಳುತ್ತೇನೆ: "ರೀ, ನಾನ ಹೊಚ್ಚಿದ್ನಿರಿ, ವಾಪಸ್ ಕೊಡಬ್ಯಾಡ್ರಿ!" ಹೋದ ಸಲ ಹೀಗೇ ಫೋನ್ ಮಾಡಿ ಹೂವು ಕೇಳಿದಾಗ ನಾನೆಂದು ಅವರಿಗೆ ಗುರುತೇ ಸಿಗಲಿಲ್ಲ. ಆ ದಿನ ಅಪ್ಪ ನಿನಗೆ ಅಬ್ಬಲಿಗೆ ಹೂವಿನ ಮಾಲೆ ಯಾಕೆ ತಂದರೆಂದು ನೀನಿನ್ನೂ ಯೋಚಿಸುತ್ತಿದ್ದೀಯಲ್ಲ?

ಶಾಲ್ಮಲಾ