ಜಾಡಿಯಲ್ಲಿ ಎರಡು ಬೆರಳು ಕಡಿಮೆ

ಬುಧವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಕ್ಕನಿಗೆ, ನಿನ್ನ ತಂಗಿ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಸೋಮಾರಿ ಎಂದು ಬೈದುಕೊಂಡಿರುತ್ತೀಯ, ಬೈದುಕೋ. 'ನಾವೆಲ್ಲ ಕ್ಷೇಮ' ಎಂದು ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಪೆನ್ನು ಅಲ್ಲೇ ನಿಂತಿತು. ಭಯವಾಗಿದೆ ಅಕ್ಕ. ಇವರು ಮತ್ತೆ ಕುಡಿಯಲು ಶುರುಮಾಡಿದ್ದಾರೋ ಏನೋ ಎಂಬ ಭಯ.

ಮೊದಲಿನಿಂದ ಹೇಳುತ್ತೇನೆ. ಹಿತ್ತಲಿನ ದ್ರಾಕ್ಷಿ ಬಳ್ಳಿ ಈ ಸಲ ಹುಚ್ಚು ಹಿಡಿದ ಹಾಗೆ ಹಣ್ಣು ಬಿಟ್ಟಿತು. ತಿಂದೆವು, ಹಂಚಿದೆವು, ಆಮೇಲೂ ಕೊಳೆಯತೊಡಗಿದಾಗ ವೈನ್ ಮಾಡು ಎಂದು ಬರೆದವಳು ನೀನು. ಕುಡಿತ ಬಿಟ್ಟು ಆರು ವರ್ಷವಾದ ಗಂಡಸಿರುವ ಮನೆಯಲ್ಲಿ ವೈನೇ ಎಂದು ನಾನು ಹಿಂಜರಿದೆ. ಹೊಲಿಗೆ ಅಂಗಡಿಯಿಂದ ಆಗಷ್ಟೇ ಬಂದಿದ್ದ ಇವರು, ಕುತ್ತಿಗೆಯ ಅಳತೆ ಟೇಪನ್ನೂ ತೆಗೆಯದೆ ಅಂದರು: "ಮಾಡೇ. ಬೇಕರಿಯವರು ಕೇಕಿಗೆ ತಗೋತಾರೆ. ನನಗೆ ಹೆದರ್ಕೊಂಡು ಹಣ್ಣು ಯಾಕೆ ಕೊಳೀಬೇಕು?"

ನೀನು ಕಳಿಸಿದ ಪದಗಳ ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡೆ. ಒಳ್ಳೇ ಮೇಷ್ಟ್ರು ಕಣೇ ನೀನು. ಹಿಚುಕಿದ ಹಣ್ಣು, ಸಿಪ್ಪೆ, ರಸ ಎಲ್ಲ ಸೇರಿದರೆ ಅದು 'ಮಸ್ಟ್' ಅಂತೆ. ನಾನಾಗಿದ್ದರೆ ಕಲಗಚ್ಚು ಅನ್ನುತ್ತಿದ್ದೆ. ತಳದಲ್ಲಿ ಕೂರುವ ಗಷ್ಟಿಗೆ 'ಲೀಸ್'. ಗಷ್ಟು ಕದಡದಂತೆ ಮೇಲಿನ ತಿಳಿಯನ್ನು ಕೊಳವೆಯಿಂದ ಬೇರೆ ಜಾಡಿಗೆ ಇಳಿಸಿದರೆ 'ರ‍್ಯಾಕಿಂಗ್'. 'ಏರ್‌ಲಾಕ್' ಓದಿ, ಬೀಗದ ಕೈ ಎಲ್ಲಿ ಎಂದು ಕೇಳಿ ಮಗಳೆದುರು ನಗೆಪಾಟಲಾದೆ. ಒಳಗಿನ ಗಾಳಿ ನೀರಿನೊಳಗಿಂದ ಗುಳುಗುಳು ಎಂದು ಹೊರಬರಬೇಕು, ಹೊರಗಿನದು ಒಳಹೋಗಬಾರದು ಎಂದು ಅವಳೇ ಬಿಡಿಸಿ ಹೇಳಿದಳು. ಹನ್ನೆರಡು ವರ್ಷಕ್ಕೇ ನನಗಿಂತ ಬುದ್ಧಿ. ಕೊಳವೆಯನ್ನು ಮುಚ್ಚಳಕ್ಕೆ ಒಂದಿಷ್ಟೂ ಸಂದಿಲ್ಲದಂತೆ ಕೂರಿಸಿಕೊಟ್ಟವರು ಇವರು.

ರ‍್ಯಾಕಿಂಗ್ ಮುಗಿಸಿ, ಗಾಜಿನ ಜಾಡಿಗೆ ಕುತ್ತಿಗೆಯವರೆಗೆ ತುಂಬಿಸಿ ಉಗ್ರಾಣದಲ್ಲಿಟ್ಟೆ. ಇನ್ನೂ ಗುಳುಗುಳು ಅನ್ನುತ್ತಿತ್ತು. ನಾಲ್ಕನೇ ದಿನ ನೋಡಿದರೆ ರಸ ಕೆಳಗಿಳಿದಿದೆ. ಇವರ ಹಳೇ ಟೇಪಿನ ತುಂಡೊಂದನ್ನು ಜಾಡಿಗೆ ಅಂಟಿಸಿ, ಬೆಳಿಗ್ಗೆ ಸಂಜೆ ಹೋಗಿ ನೋಡತೊಡಗಿದೆ. ವಾರ ಕಳೆಯುವುದರಲ್ಲಿ ಕುತ್ತಿಗೆಯಿಂದ ಎರಡು ಬೆರಳು ಕಡಿಮೆ. ಮನೆಯಲ್ಲಿರುವುದು ಮೂರೇ ಜನ. ಬೆಕ್ಕು ಬಂದು ಕುಡಿಯಿತೇ?

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಅದೇ. ಇವರು ಉಗ್ರಾಣಕ್ಕೆ ಹೋಗಿ ಜಾಡಿಗೆ ಕಿವಿಯಿಟ್ಟು ನಿಲ್ಲುತ್ತಾರೆ. ಏನು ಮಾಡುತ್ತಿದ್ದೀರಿ ಅಂದರೆ "ಸುಮ್ನೆ, ಏನೋ ಮಾತಾಡ್ತಿದೆ ನೋಡು" ಎಂದು ನಗುತ್ತಾರೆ. ಜೇಬು ತಡಕಿದರೆ ಪೆಪ್ಪರ್‌ಮಿಂಟು. ಮನೆಗೆ ತಂದ ಅಂಗಿಗೆ ಗುಂಡಿ ಹಾಕಲು ಕೂತರೆ, ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ತಡವರಿಸುತ್ತಾರೆ. "ಕನ್ನಡಕದ ನಂಬರ್ ಬದಲಾಗಿದೆ ಕಣೇ" ಅನ್ನುತ್ತಾರೆ. ಆಗಲೂ ಹೀಗೇ ಕೈ ನಡುಗುತ್ತಿತ್ತಲ್ಲ ಅಕ್ಕ. ಮದುಮಗನ ಕೋಟನ್ನು ಅಡ್ಡಡ್ಡ ಕತ್ತರಿಸಿಹಾಕಿ, ಅದರ ಮೇಲೇ ತಲೆಯಿಟ್ಟು ಅಳುತ್ತಿದ್ದವರನ್ನು ನೀನೇ ಎಬ್ಬಿಸಿದ್ದೆ. ಮಗಳು ಇವರ ಚಪ್ಪಲಿ ಸದ್ದಿಗೆ ಮಂಚದಡಿ ಸೇರುತ್ತಿದ್ದಳು. ಅವಳನ್ನು ಮತ್ತೆ ಅಲ್ಲಿಂದ ಎಳೆದು ತರುವ ಶಕ್ತಿ ನನಗಿಲ್ಲ. ಹಾವು ಕಡಿದವರಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ, ನಿಜ. ಆದರೆ ಹಗ್ಗವೋ ಹಾವೋ ಎಂದು ನೋಡಲು ಕೈ ಹಾಕುವವರು ಯಾರು?

ನಿನ್ನೆ ಕೇಳಿಯೇಬಿಟ್ಟೆ. ಹೇಗೆ ಕೇಳಿದೆ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. "ನಾನು ಮುಟ್ಟಿಲ್ಲ" ಅಂದರು, ಅಷ್ಟೇ. ಕುಡಿಯುತ್ತಿದ್ದ ದಿನಗಳಲ್ಲೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದರು. ನಂಬಲೋ ಬಿಡಲೋ ತಿಳಿಯುತ್ತಿಲ್ಲ. ನಾಲ್ಕು ದಿನದ ಮಟ್ಟಿಗಾದರೂ ಬಂದು ಹೋಗು.

ಭಾವನವರಿಗೆ ನಮಸ್ಕಾರ. ಮಕ್ಕಳು ನೂರು ಕಾಲ ನಗುನಗುತ್ತಾ ಬಾಳಲಿ, ಚಿಕ್ಕಮ್ಮ ಹಾಗೆಂದು ಹರಸಿದಳೆಂದು ಹೇಳು. ನಮ್ಮ ಮನೆಗೂ ಒಂದಿಷ್ಟು ಒಳ್ಳೆಯದನ್ನು ಹಾರೈಸು.

ಇಂತಿ ನಿನ್ನ
ತಂಗಿ

ಮ.ವಿ.: ಮೇಲಿನದನ್ನೆಲ್ಲ ಬೆಳಿಗ್ಗೆ ಬರೆದೆ. ಲಕೋಟೆ ಅಂಟಿಸುವ ಮುಂಚೆ, ಈ ಪದಗಳ ಸಹವಾಸವೇ ಬೇಡ, ನಿನಗೇ ವಾಪಸ್ ಕಳಿಸೋಣ ಎಂದು ಸಿಟ್ಟಿನಲ್ಲಿ ಹಾಳೆಯನ್ನು ಗೋಡೆಯಿಂದ ಕಿತ್ತೆ. ಹಿಂಬದಿಗೂ ಬರೆದಿದ್ದೀಯಲ್ಲ ಅಕ್ಕ! 'ಖಾಲಿ ಜಾಗ: ಜಾಡಿ ಬದಲಿಸಿದ ಮೇಲೆ ರಸದೊಳಗೆ ಸೇರಿದ್ದ ಗಾಳಿ ಹೊರಟುಹೋದಂತೆ ಮಟ್ಟ ತಾನಾಗಿಯೇ ಇಳಿಯುತ್ತದೆ. ಒಂದೆರಡು ಬೆರಳು ಇಳಿದರೆ ಗಾಬರಿಯಾಗಬೇಡ, ಮೇಲಕ್ಕೆ ತುಂಬಿಸು.'

ನಿನ್ನೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ. ಮಗಳೆದುರಿಗೇ "ಬಾಯಿ ತೆಗೀರಿ, ಉಸಿರು ಬಿಡಿ" ಅಂದೆ. ಎರಡನೇ ಮಾತಿಲ್ಲದೆ ತೆಗೆದರು. ಪೆಪ್ಪರ್‌ಮಿಂಟ್ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಆದರೂ ಕಳ್ಳ ಕುಡುಕ ಅಂದೆ.

ಈಗ ಮಧ್ಯಾಹ್ನ ಊಟಕ್ಕೆ ಬಂದರು. ತಪ್ಪಾಯಿತು ಅನ್ನೋಣವೆಂದು ಹಾಳೆ ಹಿಡಿದು ಬಾಗಿಲಿಗೆ ಓಡಿದೆ. ನಾನು ಏನಾದರೂ ಹೇಳುವ ಮೊದಲೇ ಹೊಸ್ತಿಲಾಚೆ ನಿಂತು, ಕಣ್ಣು ಮುಚ್ಚಿ ಬಾಯಿ ತೆರೆದರು. ಒಳಗೆ ಬನ್ನಿ ಎಂದು ಕೈ ಹಿಡಿದೆ.

"ಮೊದಲು ಮೂಸಿ ನೋಡ್ಬಿಡು" ಅಂದರು.