ಕಾಗೆಕಾಲಿನ ಗಡಿಯಾರ

ಮೇಳಿಗೆ
22-4-1963

ಸಾಗರದಲ್ಲಿರುವ ತಮ್ಮ ಜಟ್ಟಿಂಗಪ್ಪನಿಗೆ ಅಕ್ಕ ಬಂಗಾರಮ್ಮ ಮಗಳ ಕೈಯಲ್ಲಿ ಬರೆಸುವುದು. ಆಶೀರ್ವಾದ ಎಂದು ಬರೆಯಲು ಸರೋಜ ಹೊರಟಿದ್ದಳು, ನಾನೇ ಬೇಡವೆಂದೆ.

ರಿಪೇರಿ ಮಾಡಿಸಿದ್ದೇನೆಂದು ನೀನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ಜೇಬುಗಡಿಯಾರ ಬಂತು. ಚೆನ್ನಾಗಿ ನಡೆಯುತ್ತದೆ. ಆದರೆ ಅದು ನಿನ್ನ ಭಾವನದಲ್ಲ.

ಅವರು ಬರ್ಮಾ ಯುದ್ಧದಿಂದ ತಂದ ಗಡಿಯಾರದ ಬೆನ್ನಿನ ಮೇಲೆ ಮಿಲಿಟರಿಯ ಬಾಣದ ಗುರುತಿತ್ತು. ಮೂರು ಗೆರೆ, ತುದಿಯಲ್ಲಿ ಕೂಡಿದ್ದು. ಮನೆಯಲ್ಲಿ ಎಲ್ಲರೂ ಕಾಗೆಕಾಲು ಎನ್ನುತ್ತಿದ್ದೆವು. ಅದರಡಿ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ನಂಬರು. ಎಲ್ಲ ಯಂತ್ರದಲ್ಲಿ ಕೊರೆದದ್ದು, ಉಗುರು ಸಿಕ್ಕುವಷ್ಟು ಆಳ. ಪ್ರತಿ ಆಯುಧಪೂಜೆಗೆ ನಾನಿಟ್ಟ ಕುಂಕುಮ ಗೆರೆಯೊಳಗೆ ಕೂತು ಕೆಂಪಾಗಿತ್ತು.

ಎಲ್ಲಿಂದಲೋ ಹಳೆಯದೊಂದು ತಂದು ನೀನು ಕಳಿಸಿದ್ದರಲ್ಲೂ ಕಾಗೆಕಾಲಿದೆ, ಅಕ್ಷರವಿದೆ, ನಂಬರಿದೆ. ಆದರೆ ಎಲ್ಲ ಚುಕ್ಕಿ ಚುಕ್ಕಿ! ಸರೋಜ ನೋಡಿದವಳೇ, "ಅವ್ವಾ, ಇದೆಂತದು, ಚೆಂಬಿನ ಮೇಲೆ ಹೆಸ್ರು ಹಾಕ್ಸಿದಂಗಿದೆ!" ಎಂದಳು. ಪೋಸ್ಟ್ ಮಾಸ್ತರು ಮುಕುಂದಯ್ಯನವರು ಕನ್ನಡಕ ಒರೆಸಿಕೊಂಡು ನೋಡಿ ಹೊಟ್ಟೆ ಹಿಡಿದು ನಕ್ಕರು. "ಬಂಗಾರಮ್ಮಾ, ಬಾಣದ ತಲೆ ಮೇಲೆ ಸಣ್ಣಕೆ 'ಶ್ರೀ' ಅಂತ ಬೇರೆ ಇದೆಯಲ್ಲ! ಬ್ರಿಟಿಷ್ರು ಶ್ರೀಕಾರ ಹಾಕೋಕೆ ಯಾವಾಗ ಕಲ್ತ್ರು?"

ಪಾತ್ರೆಗೆ ಹೆಸರು ಕೊರೆಯುವವನಿಗೆ ಕೊಟ್ಟೆಯಲ್ಲೋ ಕಳ್ಳ! ಶ್ರೀ ಹಾಕದೆ ಅವನ ಉಳಿ ಮುಂದಕ್ಕೆ ಹೋದೀತೇ? ನಿನ್ನ ಕಳ್ಳತನಕ್ಕೂ ಪಾಪ ಶುಭ ಕೋರಿದ್ದಾನೆ.

ಆ ಗಡಿಯಾರವನ್ನು ಸರೋಜಳ ಧಾರೆಯ ದಿನ ಅಳಿಯನಿಗೆ ಕೊಡಬೇಕೆಂಬುದು ನಿನ್ನ ಭಾವ ಕಣ್ಣು ಮುಚ್ಚುವ ಮುಂಚೆ ಹೇಳಿದ ಮಾತು. ಅಪ್ಪನಿಲ್ಲದ ಹುಡುಗಿಗೆ ಸೋದರಮಾವನಾದ ನೀನೇ ಧಾರೆಯೆರೆಯಬೇಕಿತ್ತು. ಇನ್ನು ಬೇಡ. ಅವರ ದೊಡ್ಡಪ್ಪನ ಮಗ ವಾಸಪ್ಪ ನಿಲ್ಲುತ್ತಾನೆ. ಮದುವೆಗೆ ಹನ್ನೊಂದು ದಿನವಿದೆ. ಗಡಿಯಾರ ಬರಲಿ, ನೀನು ಬರಬೇಡ. ಬಂದರೆ ಚಪ್ಪರದ ಕೆಳಗೇ ನಿನ್ನ ಶ್ರೀಕಾರವನ್ನು ನಾಲ್ಕು ಜನರಿಗೆ ತೋರಿಸುತ್ತೇನೆ.

ಇಂತಿ,
ನಿನಗೆ ಅಕ್ಕನಾಗಿದ್ದ
ಬಂಗಾರಮ್ಮ

ತಾ.ಕ.: ಇದು ನನ್ನದೇ ಕೈಬರಹ. ಸರೋಜ ಲಕೋಟೆ ತರಲು ಹೋಗಿದ್ದಾಳೆ. ಅವಳಿಗೆ ಇದು ಗೊತ್ತಿಲ್ಲ. ಗಡಿಯಾರ ಕೆಟ್ಟಿರಲೇ ಇಲ್ಲ. ಕೀಲಿ ಕೊಡದೆ, ನಿಂತುಹೋಗಿದೆಯೆಂದು ಸುಳ್ಳು ಹೇಳಿ ನಿನಗೆ ಕಳಿಸಿದೆ. ನಿನ್ನ ಕಣ್ಣು ಅದರ ಮೇಲಿದೆ ಎಂದು ನಿನ್ನ ಭಾವ ಹೇಳಿದಾಗ ನಾನು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ನನ್ನ ತಮ್ಮ ಅಂಥವನಲ್ಲವೆಂದು ಸತ್ತವರಿಗೆ ತೋರಿಸಲೆಂದೇ ಕಳಿಸಿದ್ದು.